ಜ್ವರ ಬರುವ ಕ್ಯಾಮೆರಾ

ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಡುಪಿ ಕಡೆಯ ಮದುವೆ ಫೋಟೋಗ್ರಾಫರ್ ಒಬ್ಬರಿದ್ದರು. ತಮ್ಮ ಫುಲ್‌ಫ್ರೇಮ್ ಕ್ಯಾಮೆರಾ ಹೇಗಿದೆ ಎಂದು ಯಾರು ಕೇಳಿದರೂ ಅವರದು ಒಂದೇ ಮಾತು: "ಫೋಟೋಕ್ಕೆ ಚಿನ್ನ ಮಾರಾಯ್ರೆ. ವಿಡಿಯೋ ತೆಗೆದ್ರೆ ಜ್ವರ ಬರ್ತದೆ." ಹೇಳುತ್ತಲೇ, ಮಗುವಿನ ಹಣೆ ಮುಟ್ಟಿದಂತೆ ಅದರ ಬೆನ್ನಿಗೆ ಕೈ ಒತ್ತುತ್ತಿದ್ದರು.

ಸಂಕ್ರಾಂತಿಯ ದಿನ, ಅಲ್ಲಿನ ಉತ್ತರಾಯಣ ಹಬ್ಬದ ಮಧ್ಯಾಹ್ನ, ತಾರಸಿಯ ನೀರಿನ ಟ್ಯಾಂಕ್ ಹತ್ತಿ, ಗಾಳಿಪಟಗಳ ವಿಡಿಯೋ ತೆಗೆಯುತ್ತ ಅವರು ಹಿಂದಕ್ಕೆ ಸರಿಯುತ್ತಿದ್ದರು. ಅಂಚಿಗೆ ಕಟ್ಟೆಯಿರಲಿಲ್ಲ. ಕೆಳಗೆ ತಾರಸಿಯಲ್ಲಿದ್ದ ನಾನು ಟ್ಯಾಂಕಿನ ಏಣಿಯತ್ತ ಓಡಿದೆ. ಅಷ್ಟರಲ್ಲಿ ಕ್ಯಾಮೆರಾ ಕಾದು ಆಫ್ ಆಯಿತು.

"ಶನಿಯೇ, ಈಗಲೇ ಜ್ವರ ಬರ್ಬೇಕಾ?" ಎಂದು ಬೈದು, ಮುಟ್ಟಿ ನೋಡಲು ನಿಂತರು. ಹಿಮ್ಮಡಿ ಅಂಚಿನಿಂದಾಚೆ ಚಾಚಿತ್ತು.

ಕಣ್ಣು ಮುಚ್ಚಿದರೆ ನನಗೆ ಈಗಲೂ ಆ ಹಿಮ್ಮಡಿಯೇ ಕಾಣುತ್ತದೆ. ಅವರು ಮಾತ್ರ ಒಮ್ಮೆ ಹಿಂದಕ್ಕೆ ತಿರುಗಿ ಕೆಳಗೆ ನೋಡಿ, ಕ್ಯಾಮೆರಾ ತಣಿದೊಡನೆ ಟ್ಯಾಂಕಿನ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ವಿಡಿಯೋ ಮುಗಿಸಿದರು. ಆಮೇಲೆ ಅವರ ಹಳೆಯ ಮಾತಿಗೆ ಒಂದು ಬಾಲ ಸೇರಿತು: "ಆದ್ರೆ ಮಾರೂದಿಲ್ಲ."