ನಲವತ್ತೊಂಬತ್ತು ನಿಮಿಷ

ಭಾವನ ದನಿಯನ್ನು ನಾನು ಅವರ ಮದುವೆಮನೆಯಲ್ಲೇ ಕದ್ದಿದ್ದೆ. ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುವ ನನ್ನ ಅಣಕು "ಹಲೋ"ಗೆ ಅಕ್ಕನೂ ಮೋಸಹೋಗುತ್ತಿದ್ದಳು. ಆ ಭಾನುವಾರ ಸಂಜೆ ಅಮೆರಿಕದ ಶಾಮ್‌ಬರ್ಗ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ ಫೋನೆತ್ತಿದಾಗ ಮಾತ್ರ ಭಾವನ ಅಸಲಿ ದನಿ ನನಗೇ ಗುರುತು ಸಿಗಲಿಲ್ಲ.

"ಅವಳನ್ನ ಪ್ಲೇನಲ್ಲಿ ಕರ್ಕೊಂಡು ಹೋದ್ರು ಕಣೋ, ಈಗಷ್ಟೇ ಹಾರ್ತು. ಬಿಪಿ ತುಂಬಾ ಜಾಸ್ತಿ, ಇಲ್ಲಿ ಆಪರೇಷನ್ ಮಾಡೋರಿಲ್ಲ. ಪುಟ್ಟ ಪ್ರೊಪೆಲರ್ ಪ್ಲೇನು, ನಂಗೆ ಜಾಗ ಇಲ್ಲ ಅಂದ್ರು. ಕಾರಲ್ಲಿ ಹೊರಟಿದೀನಿ. ದಾರೀಲಿ ಸಿಗ್ನಲ್ ಇರಲ್ಲ."

ಅಕ್ಕನಿಗೆ ಆಗ ಏಳು ತಿಂಗಳು. ಆಸ್ಟ್ರೇಲಿಯಾದ ಒಳನಾಡಿನ ಕೆಂಪು ಮಣ್ಣಿನಲ್ಲಿ ಒಂದು ಗಣಿಯೂರು. ಭಾವ ಅಲ್ಲಿ ಎಂಜಿನಿಯರ್. ದೊಡ್ಡ ಆಸ್ಪತ್ರೆ ಇದ್ದದ್ದು ಅಂಥದೇ ಇನ್ನೊಂದು ಒಂಟಿ ಊರಿನಲ್ಲಿ.

ನನ್ನ ಜೊತೆ ಇರಲು ಬಂದಿದ್ದ ಅಮ್ಮ ಸೋಫಾದ ತುದಿಯಲ್ಲಿ ಕೂತಳು. ಬೆಳಿಗ್ಗೆ ಡೆವನ್ ಅವೆನ್ಯೂದ ಇಂಡಿಯನ್ ಅಂಗಡಿಯಿಂದ ತಂದ ತರಕಾರಿ ಇನ್ನೂ ಚೀಲದಲ್ಲೇ ಇತ್ತು.

"ಎಷ್ಟು ದೂರನೋ? ಎಷ್ಟೊತ್ತಾಗತ್ತೆ?"

ಎರಡೂ ಊರುಗಳ ಹೆಸರು ಹಾಕಿ ಹುಡುಕಿದೆ. ಮೊದಲು ಬಂದ ಪುಟವೇ ಹೇಳಿತು: ನಾನೂರ ಹತ್ತು ಮೈಲಿ, ವಿಮಾನದಲ್ಲಿ ನಲವತ್ತೊಂಬತ್ತು ನಿಮಿಷ.

"ಅಷ್ಟೇನಮ್ಮ! ಬೆಳಿಗ್ಗೆ ನಾನು ಪಾರ್ಕಿಂಗ್ ಹುಡುಕಿದಷ್ಟು ಹೊತ್ತು."

ಅಮ್ಮ ಗಡಿಯಾರ ನೋಡಿದಳು. ನನ್ನ ಬಿಳಿ ಕರ್ಚೀಫನ್ನು ಅರಿಶಿನದ ನೀರಲ್ಲಿ ಅದ್ದಿ, ಕಾಲು ಡಾಲರಿನ ಒಂದು ಕ್ವಾರ್ಟರ್ ನಾಣ್ಯ ಕಟ್ಟಿ, ಮನೆದೇವರಿಗೆ ಮುಡಿಪು ಮಾಡಿದಳು.

"ಆ ದೇವ್ರಿಗೆ ಅಮೆರಿಕದ ಕಾಸು ನಡೆಯತ್ತಾ?" ಎಂದೆ. ಅಮ್ಮ ನಗಲಿಲ್ಲ. ಮೂಗು ಹಿಡಿದುಕೊಂಡು ಪೈಲಟ್ ಆದೆ. "ಲೇಡೀಸ್ ಅಂಡ್ ಜಂಟಲ್‌ಮೆನ್, ಕೆಳಗಡೆ ಒಂದು ಕಾಂಗರೂ ಓಡ್ತಿದೆ. ಸರಿಯಾಗಿ ನೋಡಿ, ಅದು ನಿಮ್ಮ ಅಳಿಯಂದ್ರೇ ಇರಬಹುದು." ಅವಳ ತುಟಿ ಚೂರು ಸಡಿಲವಾಯಿತು. "ಇನ್ನು ಇಪ್ಪತ್ತೇ ನಿಮಿಷ," ಎಂದ ಪೈಲಟ್. ಆಮೇಲೆ, "ಇನ್ನು ಐದೇ."

ನಲವತ್ತೊಂಬತ್ತು ಕಳೆಯಿತು. ಅರವತ್ತೂ ಆಯಿತು. ಅಕ್ಕನ ಫೋನು ಆಫ್, ಭಾವನದು ಸಿಗುತ್ತಿಲ್ಲ.

"ಇಳಿದಿರ್ಬೇಕಲ್ವೇನೋ?"

"ಲಗೇಜ್ ಬರೋದು ಲೇಟು," ಎಂದ ಪೈಲಟ್.

"ಸಾಕು ಮಾಡೋ. ನಿನ್ ದನೀಲಿ ಹೇಳು."

ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ನಕ್ಷೆ ತೆರೆದೆ. ಆ ಎರಡು ಊರುಗಳ ನಡುವೆ ಒಂದೇ ಒಂದು ಹೆಸರಿರಲಿಲ್ಲ. ಏನಾದರೂ ಆದರೆ ಎಲ್ಲಿ ಇಳಿಸುತ್ತಾರೆ? ದೂರ ಹೇಳಿದ್ದ ಪುಟವನ್ನು ಮತ್ತೆ ತೆಗೆದು ಈ ಸಲ ಕೊನೆಯವರೆಗೆ ಓದಿದೆ. ಇರುವೆಯಂಥ ಅಕ್ಷರಗಳಲ್ಲಿತ್ತು: ಇದು ದೊಡ್ಡ ಪ್ರಯಾಣಿಕ ಜೆಟ್‌ನ ವೇಗದ ಲೆಕ್ಕ.

ಹೊರಗೆ ಬಂದು ಒಪ್ಪಿಕೊಂಡೆ. "ಪುಟ್ಟ ಪ್ಲೇನು ಅಷ್ಟು ಜೋರಾಗಿ ಹೋಗಲ್ಲಮ್ಮ. ನಾನು ಪೂರ್ತಿ ಓದಿರಲಿಲ್ಲ."

"ಅಷ್ಟೊತ್ತಿಂದ ನಾನು ಅವಳನ್ನ..." ಮುಡಿಪಿನ ಗಂಟನ್ನು ಮುಷ್ಟಿಯಲ್ಲಿ ಬಿಗಿದಳು. "ಎಲ್ಲಾ ಗೊತ್ತಿರೋನ ಥರ ಹೇಳ್ಬಿಟ್ಯಲ್ಲೋ."

ಅವಳ ಈ ಮಾತನ್ನು ಮಾತ್ರ ನಾನು ಈವರೆಗೂ ಅಣಕಿಸಿಲ್ಲ.

ನೂರು ನಿಮಿಷ ದಾಟಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅಕ್ಕ. "ಇಳಿದ್ವಿ ಕಣೋ ಕೋತಿ. ಪಾಪೂದು ಹಾರ್ಟ್‌ಬೀಟ್ ಕೇಳಿಸ್ತು. ಈಗ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಇವರು ಎಲ್ಲಿದ್ದಾರೋ? ಅಮ್ಮಂಗೆ ಕೊಡು ಬೇಗ."

ಫೋನಿಟ್ಟ ಮೇಲೂ ಅಮ್ಮ ಹಳದಿ ಗಂಟನ್ನು ಮುಷ್ಟಿಯಿಂದ ಬಿಡಲಿಲ್ಲ.

"ನಿಮ್ ಭಾವಂಗೆ ಇನ್ನೆಷ್ಟು ದೂರ ಇದೆಯೋ?"

ಫೋನು ಕೈಗೆತ್ತಿಕೊಂಡೆ. ಮತ್ತೆ ಟೇಬಲ್ಲಿನ ಮೇಲೆ ಬೋರಲು ಹಾಕಿದೆ.

"ಗೊತ್ತಿಲ್ಲಮ್ಮ."