ಹಮಾಲ ಕಾಕಾ ಮತ್ತು ನಮ್ಮ ಫ್ರಿಜ್

ಅವರ ಬಲ ಹೆಗಲು ಎಡ ಹೆಗಲಿಗಿಂತ ನಾಲ್ಕು ಬೆರಳು ಕೆಳಗಿತ್ತು. ಅಂಗಿಯ ಗುಂಡಿ ಎಷ್ಟು ನೆಟ್ಟಗೆ ಹಾಕಿಕೊಂಡರೂ ಕಾಲರು ಒಂದೇ ಕಡೆಗೆ ಜಗ್ಗುತ್ತಿತ್ತು. ಕುತ್ತಿಗೆಯ ಹಿಂದಿನ ಚರ್ಮ ನೊಗ ಹೊತ್ತ ಎತ್ತಿನದರಂತೆ ದಪ್ಪಗಾಗಿತ್ತು. ಇಳಕಲ್ಲಿನ ನಮ್ಮ ಓಣಿಯ ಮಕ್ಕಳಿಗೆ ಅವರು ಹಮಾಲ ಕಾಕಾ. ಮಕ್ಕಳು ಕರೆದದ್ದನ್ನೇ ದೊಡ್ಡವರೂ ಕರೆದರು, ನಾನೂ ಕರೆದೆ.

ಊರಲ್ಲಿ ಹಮಾಲರಿಗೇನೂ ಬರವಿರಲಿಲ್ಲ. ಆದರೆ ನಾಜೂಕಿನ ಸಾಮಾನಿಗೆ ಜನ ಕಾಕಾನನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ನೇಕಾರರು ಮನೆ ಬದಲಿಸಿದರೆ ಮಗ್ಗ ಸಾಗಿಸಲು ಅವರೇ ಬೇಕು, ಸೀರೆ ಅಂಗಡಿಯ ಗಾಜಿನ ಕಪಾಟಿಗೂ ಅವರೇ ಬೇಕು. ಏನನ್ನೇ ಎತ್ತುವ ಮುಂಚೆ, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವವರ ಹಾಗೆ, ಅದರ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು. "ಹೊರೂದು ಯಾರರ ಹೊರತಾರ್ರಿ, ಇಳಸೂದು ಬರಬೇಕು" ಎನ್ನುತ್ತಿದ್ದರು. ಇಷ್ಟು ವರ್ಷದ ಹಮಾಲಿಯಲ್ಲಿ ಒಂದು ಲೋಟವನ್ನೂ ಒಡೆದಿಲ್ಲ ಎಂಬುದೊಂದೇ ಅವರ ಜಂಬ. ನೂರು ಸಲ ಹೇಳಿದ್ದನ್ನು ನೂರಾ ಒಂದನೆಯ ಸಲವೂ ಹೇಳುವರು.

ಎಂಬತ್ತರ ದಶಕದಲ್ಲಿ ನಾವು ಬಾಡಿಗೆ ಮನೆ ಬಿಟ್ಟು ಅದೇ ಓಣಿಯ ಆ ತುದಿಯಲ್ಲಿ ಹಳೆಯ ಮನೆಯೊಂದನ್ನು ಕೊಂಡೆವು. ನಮ್ಮವರು ಕಲ್ಲಿನ ಕ್ವಾರಿಯಲ್ಲಿ ಮ್ಯಾನೇಜರು. ಹಿಂದಿನ ವರ್ಷವಷ್ಟೇ ಫ್ರಿಜ್ ತಂದಿದ್ದರು, ಓಣಿಗೆಲ್ಲ ಅದೊಂದೇ. ನನಗೆ ಅದರ ಸೊಕ್ಕು ಎಷ್ಟಿತ್ತೆಂದರೆ, ಅಡುಗೆಮನೆಯಲ್ಲಿ ಜಾಗವಿದ್ದರೂ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬೀಳುವಲ್ಲಿ ಇಟ್ಟಿದ್ದೆ.

ಕಾಕಾ ಹಿಂದಿನ ದಿನವೇ ಬಂದು ಅದನ್ನು ಬಂದ್ ಮಾಡಿಸಿ, ಬರ್ಫ ಕರಗಿಸಿ, ಒಳಗಿನ ಗಾಜು, ಜಾಳಿಗೆಯನ್ನೆಲ್ಲ ತೆಗೆಸಿದ್ದರು. ಬೆಳಿಗ್ಗೆ ಬಾಗಿಲು ತೆರೆಯದಂತೆ ಹಗ್ಗ ಬಿಗಿದು, ಮನೆಯಿಂದ ತಂದ ಕೌದಿ ಸುತ್ತಿದರು. ಕೈಗಾಡಿಯ ಮೇಲೆ ಮಲಗಿಸಿದರೆ ಬೇಗ ಮುಗಿಯುತ್ತದಲ್ಲ ಎಂದೆ. "ಮಲಗಸಬಾರದ್ರಿ ಅಕ್ಕಾರ" ಎಂದರು. ಇಬ್ಬರನ್ನು ಗಾಡಿ ತಳ್ಳಲು ಹಚ್ಚಿ, ನಿಲ್ಲಿಸಿದ ಫ್ರಿಜ್ಜನ್ನು ತಬ್ಬಿ ಹಿಡಿದುಕೊಂಡು ಓಣಿಯುದ್ದಕ್ಕೂ ನಡೆದರು. "ಏನ್ ಕಾಕಾ, ಸೊಸಿನ್ನ ಮನಿ ತುಂಬಿಸಾಕ ಹೊಂಟೀರೇನು?" ಎಂದು ಕಟ್ಟೆಯ ಮೇಲಿದ್ದವರು ನಕ್ಕರು. ಕಾಕಾನೂ ನಕ್ಕರು.

ಹೊಸ ಮನೆಯ ತಲೆಬಾಗಿಲು ಗಿಡ್ಡ, ಬಗ್ಗಿಯೇ ಒಳಗೆ ಹೋಗಬೇಕು. ಅಲ್ಲಿ ಮಾತ್ರ ಫ್ರಿಜ್ಜನ್ನು ಪೂರ್ತಿ ವಾಲಿಸದೆ ಗತಿಯಿರಲಿಲ್ಲ. ಕಾಕಾ ಭಾರವನ್ನೆಲ್ಲ ತಮ್ಮ ಎದೆಯ ಮೇಲೆ ತೆಗೆದುಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊಸ್ತಿಲು ದಾಟಿಸಿದರು. ಚೌಕಟ್ಟಿಗೆ ಅದು ಎಲ್ಲಿಯೂ ತಾಗಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

ಬೆವರು ಒರೆಸಿಕೊಂಡು ಹೇಳಿದರು: "ಅಡ್ಡ ಮಾಡೇವಲ್ರಿ, ಒಳಗಿನ ಎಣ್ಣಿ ಪೈಪಿನ್ಯಾಗ ಹೋಗಿರತೈತಿ. ಬಾಗಲಕೋಟಿ ಮೆಕಾನಿಕ್ ಹೇಳಿದ್ದ. ಇವತ್ತ ಸುಮ್ನ ನಿಂದ್ರಲಿ. ನಾಳಿ ಇಷ್ಟೊತ್ತಿಗೆ ಚಾಲೂ ಮಾಡ್ರಿ."

ಆದರೆ ಸಂಜೆಗೆ ಓಣಿಯ ಹೆಂಗಸರನ್ನು ಅರಿಷಿಣ ಕುಂಕುಮಕ್ಕೆ ಕರೆದಿದ್ದೆ. ಬರ್ಫ ಹಾಕಿದ ಶರಬತ್ತು ಕುಡಿಸುತ್ತೇನೆಂದು ಬೇರೆ ಹೇಳಿದ್ದೆ. ಹಮಾಲನಿಗೆ ಮಶಿನ್ನಿನ ವಿಷಯ ಏನು ಗೊತ್ತು ಎಂದುಕೊಂಡು, ಅವರು ಕಣ್ಮರೆಯಾಗುತ್ತಲೇ ಸ್ವಿಚ್ಚು ಹಾಕಿದೆ. ಸ್ವಲ್ಪ ಹೊತ್ತು ಗುರುಗುಟ್ಟಿತು. ಆಮೇಲೆ ನಿಂತಿತು. ಏನು ಮಾಡಿದರೂ ಮತ್ತೆ ಏಳಲಿಲ್ಲ.

ನಮ್ಮವರದು ಮೂಗಿನ ತುದಿಯ ಸಿಟ್ಟು. ಬಂದವರೇ "ಏನಾತು ಇದಕ್ಕ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಕಾಕಾ ಬಾಗಲದಾಗ ಕೆಡವಿದ್ರು." ಭಯದಲ್ಲಿ ಬಾಯಿತಪ್ಪಿ ಬಂದ ಮಾತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ತಿದ್ದಿಕೊಳ್ಳಲು ಆಮೇಲೆ ಬೇಕಾದಷ್ಟು ಸಮಯವಿತ್ತು.

ಸಂಜೆ ಕಾಕಾ ಕೌದಿ ಒಯ್ಯಲು ಬಂದರು. ಪಡಸಾಲೆಯ ತುಂಬ ಹೆಂಗಸರಿದ್ದರು. "ಫ್ರಿಜ್ ಕೆಡವಿ, ಒಂದ ಮಾತ ಹೇಳದ ಹೋದ್ಯಲ್ಲೋ" ಎಂದು ನಮ್ಮವರು ಎಲ್ಲರೆದುರು ಏರಿ ಹೋದರು. ಕಾಕಾ ಫ್ರಿಜ್ಜಿನ ಹಿಂದೆ ಬಗ್ಗಿ, ಮಶಿನ್ನಿನ ಮೇಲೆ ಅಂಗೈಯಿಟ್ಟರು. ಅದಿನ್ನೂ ಬೆಚ್ಚಗಿತ್ತು. ನನ್ನ ಮುಖ ನೋಡಿದರು.

"ಅಕ್ಕಾರ ಹೇಳಿದ್ರೇನ್ರಿ ಸಾಹೇಬ್ರ?"

"ಮತ್ಯಾರ ಹೇಳಬೇಕು?"

"ಹಂಗಾರ ಕೆಡವಿರಬೇಕ್ರಿ" ಎಂದು ಕೌದಿ ಮಡಚಿಕೊಂಡು ಹೋದರು. ನಾನು ಹೆಂಗಸರಿಗೆ ಹೂಜಿಯ ನೀರಿನಲ್ಲೇ ಶರಬತ್ತು ಮಾಡಿ ಕೊಟ್ಟೆ.

ಎರಡು ದಿನ ಬಿಟ್ಟು ಬಂದ ಮೆಕ್ಯಾನಿಕ್, ಬಿದ್ದ ಗುರುತು ಎಲ್ಲೂ ಇಲ್ಲವಲ್ಲ, ತಂದ ಕೂಡಲೇ ಚಾಲೂ ಮಾಡಿದ್ದರೇನು ಎಂದು ಕೇಳುತ್ತಿದ್ದ. ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆಯೇ ನಿಂತೆ, ಹೊರಗೆ ಬರಲಿಲ್ಲ. ಹೊಸ ಮಶಿನ್ ಕೂಡಿಸಿದ ಮೇಲೆ ಫ್ರಿಜ್ ಎಂದಿನಂತೆ ನಡೆಯಿತು. ಕಾಕಾನ ಹೆಸರಿಗೆ ಹಾಗೆ ಆಗಲಿಲ್ಲ. ನಮ್ಮ ಓಣಿಯ ಮಾತು ಸೀರೆ ಅಂಗಡಿ ಮುಟ್ಟಲು ಎಷ್ಟು ಹೊತ್ತು? ಗಾಜಿನ ಕಪಾಟಿಗೆ ಬೇರೆಯವರು ಬಂದರು, ಮಗ್ಗಕ್ಕೂ ಬಂದರು. ಕೊನೆಗೆ ಕಾಕಾ ಕಾಳಿನ ಅಡತಿ ಅಂಗಡಿಯಲ್ಲಿ ಚೀಲ ಹೊರಲು ನಿಂತರು. ದಾರಿಯಲ್ಲಿ ಸಿಕ್ಕರೆ ಮೊದಲಿನಂತೆಯೇ "ಆರಾಮ ಅದೀರೇನ್ರಿ ಅಕ್ಕಾರ?" ಎನ್ನುತ್ತಿದ್ದರು. ಅವರು ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಎದುರಿಗೆ ಬರುವುದು ಕಂಡರೆ ನಾನು ಸಂದಿ ಹಿಡಿದು ಹೋಗಲು ಕಲಿತೆ.

ಮೂರು-ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡರು. ದಿನಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಅವರ ಮನೆಗೆ ಹೋದೆ. ಅವರ ಹೆಂಡತಿ ಕಂಬಳಿ ಹಾಸಿ ಕೂರಿಸಿದಳು. ಬೇರೆ ಮಾತು ತೆಗೆದರೆ ಮತ್ತೆ ಧೈರ್ಯ ಬರಲಿಕ್ಕಿಲ್ಲವೆಂದು, ಕೂತ ತಕ್ಷಣವೇ ಹೇಳಿದೆ: "ಅವತ್ತ ಕಾಕಾ ಫ್ರಿಜ್ ಕೆಡವಿದ್ದಿಲ್ಲ. ಕೆಡಿಸಿದಾಕಿ ನಾ. ಸುಳ್ಳ ಹೇಳಿದಾಕಿನೂ ನಾನ."

ಆಕೆ ಕಂಬಳಿಯ ಸುಕ್ಕು ಸರಿಮಾಡಿದಳು. ಆಮೇಲೆ ಹೇಳಿದಳು: "ಮನ್ಯಾಗ ಒಂದ ಸಲ ಅಂದಿದ್ರು, ನಾ ಕೆಡವಿಲ್ಲ ಅಂತ. ನಾನ ನಂಬಲಿಲ್ರಿ. ಅಕ್ಕಾರು ಯಾಕ ಸುಳ್ಳ ಹೇಳತಾರ, ನಿನ್ನ ತಪ್ಪ ಅವರ ಮ್ಯಾಲ ಹಾಕಬ್ಯಾಡ ಅಂತ ಬೈದೆ. ಆಮ್ಯಾಲ ಅವರು ಆ ಮಾತ ತಗೀಲೇ ಇಲ್ಲ."

ಅಷ್ಟು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಚಹಾ ಇಡಲು ಎದ್ದಳು. ಬೇಡ ಎನ್ನುವ ಯೋಗ್ಯತೆಯೂ ನನಗಿರಲಿಲ್ಲ. ಕೊಟ್ಟದ್ದನ್ನು ಕುಡಿದು ಎದ್ದು ಬಂದೆ.