ಕ್ಯಾಸೆಟ್ಟಿನಲ್ಲಿ ಇಲ್ಲದ ಜವಾಬು

ಮೊನ್ನೆ ಹಲ್ಲುನೋವಿಗೆಂದು ಒಂದು ಲವಂಗ ಕಚ್ಚಿಕೊಂಡೆ. ಅದರ ಖಾರ ನಾಲಿಗೆಗೆ ಇಳಿದದ್ದೇ ತಡ, ಸಿಂದಗಿಯ ನಮ್ಮ ಓಣಿಯ ಹಾಡಕಿ ನೆನಪಾದಳು. ಗಂಟಲು ಕೆಡಬಾರದೆಂದು ಆಕೆಯ ದವಡೆಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ನಕ್ಕರೂ ಬೈದರೂ ಅದೇ ವಾಸನೆ…

ಆಕೆ ನಾಗೇಶಿ ಹಾಡುವವಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಡಪ್ಪು ಬಾರಿಸುತ್ತ ಎರಡು ಮೇಳಗಳು ಎದುರುಬದುರು ನಿಂತು ಹಾಡಿನಲ್ಲೇ ವಾದಕ್ಕಿಳಿಯುತ್ತವೆ. ಗಂಡೇ ಹೆಚ್ಚು ಅನ್ನುವುದು ಹರದೇಶಿ, ಹೆಣ್ಣೇ ಹೆಚ್ಚು ಅನ್ನುವುದು ನಾಗೇಶಿ. ಸವಾಲಿಗೆ ಜವಾಬು ಬಾರದವರು ಡಪ್ಪು ಕೆಳಗಿಟ್ಟು ಕೈಮುಗಿಯಬೇಕು. ಹಾಗೆ ಕೈಮುಗಿದವರನ್ನು ಮತ್ತೆ ವೀಳ್ಯ ಕೊಟ್ಟು ಕರೆಯುವವರಿಲ್ಲ. ಇಂಡಿಯಿಂದ ಮುದ್ದೇಬಿಹಾಳದ ತನಕ ಆಕೆ ಎಲ್ಲೂ ಡಪ್ಪು ಕೆಳಗಿಟ್ಟವಳಲ್ಲ.

ಅದರ ಬಿಸಿ ನಮ್ಮ ಮನೆಗಳಿಗೂ ತಟ್ಟಿತ್ತು. ಪಲ್ಯಕ್ಕೆ ಉಪ್ಪು ಸಾಲದೆಂದು ಅಪ್ಪ ಗೊಣಗಿದರೆ ಅವ್ವ ರೊಟ್ಟಿ ಬಡಿಯುವ ತಾಳಕ್ಕೇ ಉತ್ತರ ಕಟ್ಟುತ್ತಿದ್ದಳು. ನಳದ ಹತ್ತಿರ ಸೊಸೆಯಂದಿರು ಪದದಲ್ಲೇ ಎದುರಾಡುತ್ತಿದ್ದರು. ಶಾಲೆಯಲ್ಲಿ ನಾವು ಹುಡುಗಿಯರು ಬೆಂಚು ಬಡಿದು ಹಾಡಿ ಹುಡುಗರ ಬಾಯಿ ಮುಚ್ಚಿಸುತ್ತಿದ್ದೆವು. “ನೀನೂ ಹಾಡಕಿ ಆಗಾಕಿ ಏನ?” ಎಂದು ಅಜ್ಜಿ ಬೈಯುತ್ತಿದ್ದಳು. ಬೈದು ಮುಗಿಸಿ ತಾನೇ ಆ ಪದ ಗುನುಗುತ್ತಿದ್ದಳು.

ಆಗ ಪೇಟೆಯ ಕ್ಯಾಸೆಟ್ ಅಂಗಡಿಯವನು ಹಾಡಕಿಗೆ ಗಂಟುಬಿದ್ದ. ಒಬ್ಬ ಹರದೇಶಿ ಹಾಡುಗಾರನ ಜೊತೆ ಆಕೆಯ ಸವಾಲ್-ಜವಾಬು ರೆಕಾರ್ಡ್ ಮಾಡಿಸಿದ. ಆಕೆಯ ಮುಖಕ್ಕೆ ಪೌಡರ್ ಬಳಿಸಿ ಫೋಟೊ ತೆಗೆಸಿ ಕವರಿಗೆ ಹಾಕಿದ. ಕ್ಯಾಸೆಟ್ ಬಂದ ದಿನ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ಕೇಳಿದೆವು. ಕೊನೆಗೆ ಗಂಡಸಿನ ಸವಾಲು ಬಂತು: “ಬೀಜ ಇಲ್ಲದ ಹೊಲ ಏನ ಬೆಳದೀತ ಹೇಳ ನಾರಿ?” ಆಮೇಲೆ ಡಪ್ಪಿನ ಸದ್ದು, ಗಂಡಸರ ನಗು. ಅಷ್ಟೇ. ಆಕೆಯ ಜವಾಬನ್ನು ಕತ್ತರಿಸಿ ಎಸೆದಿದ್ದರು.

ಆಕೆಯ ಜೊತೆ ಅವ್ವನೂ ನಾನೂ ಅಂಗಡಿಗೆ ಹೋದೆವು. ಅವನು ಕಡ್ಡಿಯಿಂದ ಹಲ್ಲು ಕೆದಕುತ್ತ ಹೇಳಿದ: “ಯಕ್ಕಾ, ಕ್ಯಾಸೆಟ್ ತಗೊಳ್ಳೋರು ಗಂಡಸ್ರು. ಗಂಡಸು ಸೋತದ್ದನ್ನ ಯಾವಾಂವ ತಗೋತಾನ?”

ಚಹಾದಂಗಡಿ, ಟ್ರ್ಯಾಕ್ಟರ್, ಟೆಂಪೊ, ಎಲ್ಲಿ ನೋಡಿದರೂ ಅದೇ ಕ್ಯಾಸೆಟ್. ಆಕೆಯ ದನಿಗೆ ತಲೆದೂಗಿ, ಕೊನೆಯ ಸವಾಲಿಗೆ ತೊಡೆ ತಟ್ಟಿ ನಗುವ ಗಂಡಸರು. ಥೂ! ಆಕೆಯ ಪದ ಬಾಯಿಪಾಠ ಮಾಡಿಕೊಂಡವರೇ ಆಕೆ ಎದುರಾದರೆ ಹೊಲಸು ತುಳಿದವರ ಹಾಗೆ ಮುಖ ಮಾಡುತ್ತಿದ್ದರು. “ಆಕಿ ಸೋತಾಳಂತ” ಎಂಬ ಮಾತು ಊರೂರು ಸೇರಿತು. ವೀಳ್ಯ ಬರುವುದು ನಿಂತಿತು.

ಒಂದು ಮಧ್ಯಾಹ್ನ ಅವ್ವನ ತವರು ದೇವಣಗಾಂವಕ್ಕೆ ನಾವು ಹೊರಟ ಟೆಂಪೊದಲ್ಲಿ ಆಕೆಯೂ ಇದ್ದಳು. ಅದು ಗೊತ್ತಿದ್ದೇ ಡ್ರೈವರ್ ಆ ಕ್ಯಾಸೆಟ್ ಹಾಕಿದ. ಸವಾಲು ಮುಗಿದು ನಗು ಎದ್ದಿತು. ಆಕೆ ಕಿಟಕಿಯಾಚೆ ಲವಂಗ ಉಗುಳಿದಳು, ಎದ್ದು ನಿಂತು ಟೆಂಪೊದ ತಗಡನ್ನೇ ಡಪ್ಪು ಮಾಡಿಕೊಂಡಳು:

“ಚೀಲದಾಗಿನ ಬೀಜ ಚೀಲದಾಗ ಮುಗ್ಗತೈತಿ,
ಹೊಲದವ್ವ ಉಡಿಯೊಡ್ಡಿದ್ರ ತೆನಿಯಾಗತೈತಿ!”

“ಸುಮ್ನ ಕುಂಡ್ರಬೇ, ಇಲ್ಲಂದ್ರ ಇಳಿ” ಎಂದು ಡ್ರೈವರ್ ಟೇಪಿನ ಸದ್ದು ಏರಿಸಿದ. ಆಕೆ ದನಿ ಏರಿಸಿದಳು. ಅವ್ವ ಮೊದಲು ‘ಗೀಯ ಗೀಯ’ ಎಂದು ಹಿಮ್ಮೇಳದ ಸೊಲ್ಲು ಹಿಡಿದಳು, ಹಿಂದೆಯೇ ಉಳಿದ ಹೆಂಗಸರು. ಅವನು ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಆಕೆಯನ್ನು ಇಳಿಸಿದ. ಹೆಂಗಸರೆಲ್ಲ ಬುಟ್ಟಿ ಎತ್ತಿಕೊಂಡು ಇಳಿದೆವು, ತೊಗರಿ ಹೊಲದ ಬದುವಿಗುಂಟ ಹಾಡುತ್ತ ನಡೆದೆವು. ಆಮೇಲೆ ಎಷ್ಟೋ ದಿನ, ಆ ಕ್ಯಾಸೆಟ್ ಎಲ್ಲಿ ಮುಗಿದರೂ ಹೆಂಗಸರ ಕಡೆಯಿಂದ ಜವಾಬು ಏಳುತ್ತಿತ್ತು.

ಆದರೆ ವೀಳ್ಯ ಕೊಡುವವರು ಹೆಂಗಸರಲ್ಲವಲ್ಲ… ಆಕೆ ಡಪ್ಪನ್ನು ಗೂಟಕ್ಕೆ ನೇತುಹಾಕಿ ಬಸವನ ಬಾಗೇವಾಡಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋದಳು. ಮತ್ತೆ ಹಾಡಲಿಲ್ಲ.

ಹೋದ ವರ್ಷ ಆಕೆ ತೀರಿಕೊಂಡ ಮೇಲೆ ಊರಿಗೆ ಅಭಿಮಾನ ಉಕ್ಕಿ ಬಂತು. ಸಂತಾಪ ಸಭೆ, ದೊಡ್ಡ ಫ್ಲೆಕ್ಸು, ಪೌಡರ್ ಬಳಿದ ಅದೇ ಫೋಟೊ. ‘ಈ ಮಣ್ಣಿನ ಹೆಮ್ಮೆ’ ಎಂದು ಭಾಷಣ ಬಿಗಿದವರು ಮೈಕಿಗೆ ಮೊಬೈಲ್ ಹಿಡಿದು ಹಾಡು ಹಾಕಿದರು. ಅದೇ ಕತ್ತರಿಸಿದ ಹಾಡು. ಗಂಡಸಿನ ಸವಾಲಿಗೆ ಚಪ್ಪಾಳೆ ಬಿತ್ತು. ನನಗೆ ಎದ್ದು ಹೋಗಿ ಮೈಕು ಕಿತ್ತೆಸೆಯಬೇಕೆನಿಸಿತು.

ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಹುಡುಗಿ ಕೇಳಿದಳು: “ಅತ್ತಿ, ಈಕಿ ಸೋತಿದ್ಲೇನ್ರಿ?”

“ಇಲ್ಲವ್ವಾ, ಜವಾಬು ಕೊಟ್ಟಿದ್ಲು” ಎಂದು ಆ ಸಾಲು ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ನೋಡಿದಳು. “ಎಲ್ಲೂ ಇಲ್ಲಲ್ರಿ… ನೀವರ ಹಾಡಿ ತೋರಸ್ರಿ.”

ಬಾಯಿ ತೆಗೆದೆ. ಸೊಲ್ಲು ಹಿಡಿಯಲು ಅವ್ವ ಇಲ್ಲ, ಆ ಟೆಂಪೊದ ಹೆಂಗಸರೂ ಯಾರೂ ಇಲ್ಲ. ಮಾತು ಬಂತು, ಧಾಟಿ ಬರಲಿಲ್ಲ. ಈಗಲೂ ಒಬ್ಬಳೇ ಇದ್ದಾಗ ಪ್ರಯತ್ನ ಮಾಡುತ್ತೇನೆ, ಬಾಯಿಗೆ ಬರುವುದು ಕ್ಯಾಸೆಟ್ಟಿನ ಆ ಗಂಡಸಿನ ಧಾಟಿ.